ಒಳಗೆ ಬರಲು ಒಂದು ವೀಸಾ, ಹೊರಗೆ ಹೋಗಲು ಇನ್ನೊಂದು

ಊರಿಗೆ ಬಂದ ಕೂಡಲೇ ಎಲ್ಲರೂ ಕೇಳುತ್ತಾರೆ: "ಯಾವಾಗ ಬಂದದ್ದು? ಯಾವಾಗ ವಾಪಸ್?" ಹೊರಡುವುದೇ ನಮ್ಮ ಕೈಯಲ್ಲಿರಲಿಲ್ಲ ಅಂತ ಹೇಳಿದರೆ ಯಾರೂ ನಂಬುವುದಿಲ್ಲ.

ಸೌದಿಯಲ್ಲಿ ದುಡಿಯುವ ಹೊರದೇಶದವರು ದೇಶ ಬಿಡುವುದಕ್ಕೂ ವೀಸಾ ಬೇಕು. ರಜೆಗೆ ಹೋಗಿ ಬರುವವರಿಗೆ ಎಕ್ಸಿಟ್ ರೀ-ಎಂಟ್ರಿ, ಬಿಟ್ಟೇ ಹೋಗುವವರಿಗೆ ಫೈನಲ್ ಎಕ್ಸಿಟ್. ಅದಿಲ್ಲದಿದ್ದರೆ ಮಂಗಳೂರಿಗೆ ಟಿಕೆಟ್ ಕೈಯಲ್ಲಿದ್ದರೂ ದಮ್ಮಾಮ್ ಏರ್‌ಪೋರ್ಟಿನಿಂದ ಸುಮ್ನೆ ರೂಮಿಗೆ ಬರಬೇಕು.

ನಾನು ಸೌದಿಗೆ ಬಂದದ್ದು 2014ರಲ್ಲಿ. ಆಗ ಇದಕ್ಕೆಲ್ಲ ಕಫೀಲ್, ಅಂದರೆ ಕೆಲಸ ಕೊಟ್ಟವನು, ಒಪ್ಪಬೇಕಿತ್ತು. ಇಳಿದ ಮರುದಿನವೇ ನಮ್ಮ ಪಾಸ್‌ಪೋರ್ಟ್ ತೆಗೆದುಕೊಂಡು, ಹತ್ತತ್ತಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹಾಗೆ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿನಲ್ಲೇ ತಪ್ಪು ಅಂತ ನನಗೆ ಗೊತ್ತಾಗುವಾಗ ಎರಡು ವರ್ಷ ಕಳೆದಿತ್ತು. ಗೊತ್ತಾಗಿ ಮಾಡುವುದೇನು? ತಂಗಿ ಮದುವೆಗೆ ರಜೆ ಕೇಳಿದರೆ "ಬದಲಿ ಜನ ಬರಲಿ" ಅಂದರು. ಬದಲಿ ಜನ ಬಂದದ್ದು ಮದುವೆ ಮುಗಿದು ಹನ್ನೊಂದನೇ ದಿನ. ಧಾರೆ ನೋಡಿದ್ದು ವಾಟ್ಸಾಪ್‌ಗೆ ಬಂದ ಮೂರು ಫೋಟೋದಲ್ಲಿ. ಅದರಲ್ಲೂ ಒಂದರಲ್ಲಿ ಫೋಟೋಗ್ರಾಫರನ ಬೆನ್ನೇ ಜಾಸ್ತಿ.

2021ರ ಮಾರ್ಚ್ 14ರಿಂದ ನಿಯಮ ಬದಲಾಯಿತು. ಈಗ ನಾನೇ ಫೋನಿನ ಆ್ಯಪ್‌ನಲ್ಲಿ ಅರ್ಜಿ ಹಾಕುತ್ತೇನೆ. ಎರಡು ತಿಂಗಳವರೆಗಿನ ರೀ-ಎಂಟ್ರಿಗೆ 200 ರಿಯಾಲ್. ಕಂಪನಿಗೆ ಸುದ್ದಿ ಹೋಗುತ್ತದೆ ಅಷ್ಟೇ. ಮೊದಲ ಸಲ ಹಾಗೆ ಎಕ್ಸಿಟ್ ಸಿಕ್ಕಿದ ದಿನ, ಹೋಗುವ ಕೆಲಸವೇ ಇಲ್ಲದಿದ್ದರೂ ಆ ಸ್ಕ್ರೀನನ್ನು ನಾಲ್ಕು ಸಲ ತೆಗೆದು ನೋಡಿದ್ದೇನೆ.

ಆದರೆ ಈ ಬದಲಾವಣೆ ಮನೆ ಡ್ರೈವರ್‌ಗಳಿಗೆ, ಮನೆಗೆಲಸದವರಿಗೆ, ತೋಟದಲ್ಲಿ ದುಡಿಯುವವರಿಗೆ ಇಲ್ಲ. ನಮ್ಮ ಪಕ್ಕದ ರೂಮಿನಲ್ಲಿ ಕುಂದಾಪುರ ಕಡೆಯ ಒಬ್ಬರು ಡ್ರೈವರಣ್ಣ ಇದ್ದಾರೆ. ಅವರ ಎಕ್ಸಿಟ್ ಇವತ್ತಿಗೂ ಕಫೀಲ್‌ನ ಫೋನಿನಲ್ಲೇ ಆಗಬೇಕು. ಸಿಟ್ಟು ಮಾಡಿಕೊಂಡು ಬಿಟ್ಟು ಹೋದರೆ "ಓಡಿಹೋದ" ಅಂತ ದೂರು, ಅದಕ್ಕೆ ಹುರೂಬ್ ಅನ್ನುತ್ತಾರೆ. ಹುರೂಬ್ ಬಿದ್ದವನು ಪೊಲೀಸರ ಕೈಗೆ ಸಿಕ್ಕಿದರೆ ಜೈಲು, ಆಮೇಲೆ ಡಿಪೋರ್ಟ್.

ನಮ್ಮ ದೇಶದವರೇನೂ ಕಮ್ಮಿ ಇಲ್ಲ. ಈ ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಆರು ಮಾರ್ಕು ಕಮ್ಮಿಯಾಗಿ ಫೇಲು. ಹಾಗಾಗಿ ಅವರದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಹತ್ತನೇ ಪಾಸಾಗದವರಿಗೆ ಕೊಡುವ "ಎಮಿಗ್ರೇಶನ್ ಚೆಕ್ ರಿಕ್ವೈರ್ಡ್" ಪಾಸ್‌ಪೋರ್ಟ್. 1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ಇಂಥವರು ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಕ್ಲಿಯರೆನ್ಸ್ ಬೇಕು. ಅಮೆರಿಕಕ್ಕೆ ಬೇಡ! ಬಡವರು ಏಜೆಂಟರ ಕೈಯಲ್ಲಿ ಮೋಸ ಹೋಗದಿರಲಿ ಅಂತ ಮಾಡಿದ್ದು, ಅದನ್ನು ತಪ್ಪು ಅನ್ನಲಾರೆ. ಆದರೆ ಇಲ್ಲಿ ಪಾಸ್‌ಪೋರ್ಟ್ ಕಪಾಟು ಸೇರಿದ ಮೇಲೆ ಆ ಕ್ಲಿಯರೆನ್ಸ್ ಕಾಗದದಿಂದ ಅವರಿಗೆ ಏನೂ ಉಪಯೋಗ ಆಗಲಿಲ್ಲ.

ದುಡ್ಡಿದ್ದವರ ಕತೆ ಬೇರೆ. 2019ರಲ್ಲಿ ಬಂದ ಪ್ರೀಮಿಯಂ ರೆಸಿಡೆನ್ಸಿಗೆ, ಅಂದರೆ ಸೌದಿಯಲ್ಲಿ ಕಾಯಂ ಇರುವ ಪರವಾನಗಿಗೆ, 8 ಲಕ್ಷ ರಿಯಾಲ್ ಕಟ್ಟಿದರೆ ಕಫೀಲ್‌ನ ಹಂಗೇ ಇಲ್ಲ. ನಮ್ಮ ಬಿಲ್ಡಿಂಗಿನವರಿಗೆ ಜೊತೆಗಿರುವ ಹೆಂಡತಿ ಮಕ್ಕಳ ಮೇಲೆ ಸೌದಿ ಸರ್ಕಾರ ಹಾಕುವ ತಲೆಗಂದಾಯವೇ ಭಾರ. 2017ರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಇದ್ದದ್ದು 2020ಕ್ಕೆ 400 ಆಯಿತು. ಯಾರೂ ಯಾರನ್ನೂ ಹೋಗಿ ಅನ್ನಲಿಲ್ಲ, ಆದರೂ ಸಂಜೆ ಮೆಟ್ಟಿಲ ಮೇಲೆ ಆಡುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಊರಿಗೆ ಹೋದರು.

ಮೊನ್ನೆ ಶುಕ್ರವಾರ ಡ್ರೈವರಣ್ಣ ಬಂದರು. ತಾಯಿಗೆ ಕಣ್ಣಿನ ಆಪರೇಶನ್. "ಕಫೀಲ್‌ಗೆ ಒಂದು ಮೆಸೇಜ್ ಬರ್ದು ಕೊಡಿ ಮಾರಾಯ್ರೆ, ಸ್ವಲ್ಪ ಮರ್ಯಾದೆಯಲ್ಲಿ" ಅಂದರು. ನನಗೆ ಬರುವ ಅಷ್ಟಿಷ್ಟು ಅರಬಿಯಲ್ಲಿ ಬರೆದು ಕೊಟ್ಟೆ. ನೀಲಿ ಗೆರೆ ಎರಡೂ ಬಿದ್ದಿವೆ, ಉತ್ತರ ಬಂದಿಲ್ಲ. ಟಿಕೆಟ್ ಮಾತ್ರ ಈಗಲೇ ಮಾಡಬೇಡಿ ಅಂದಿದ್ದೇನೆ.