ಬೇ ಏರಿಯಾದಲ್ಲಿ ಮನೆ ಕೊಳ್ಳುವ ಮುನ್ನ: ಶಾಲೆಯ ಗಡಿ, ಆಫೀಸಿನ ದಾರಿ

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಮತ್ತು ಅಲಮೀಡಾ ಕೌಂಟಿಗಳಲ್ಲಿ ಮನೆ ಹುಡುಕುವ ಕನ್ನಡದ ಕುಟುಂಬಗಳು ನಮ್ಮಂಥ ಏಜೆಂಟರಿಗೆ ಮೊದಲು ಕೇಳುವುದು ಒಂದೇ: "ಇಲ್ಲಿ ಸ್ಕೂಲ್ ಹೇಗಿದೆ?" ಅದಕ್ಕೆ ನಾವು "ತುಂಬಾ ಚೆನ್ನಾಗಿದೆ" ಎನ್ನುವುದಿಲ್ಲ. ಶಾಲೆಯ ನೆಪದಲ್ಲಿ ಜನರನ್ನು ಒಂದು ಬಡಾವಣೆಯ ಕಡೆಗೆ ತಿರುಗಿಸಿದರೆ ಅದು ವಸತಿಯಲ್ಲಿ ತಾರತಮ್ಯ ತಡೆಯುವ 1968ರ ಫೇರ್ ಹೌಸಿಂಗ್ ಕಾಯ್ದೆಯಡಿ ತೊಂದರೆಗೆ ಎಡೆಮಾಡಬಹುದು. ಆದರೆ ಒಂದು ವಿಳಾಸ ಯಾವ ಶಾಲೆಗೆ ಸೇರುತ್ತದೆ, ಅದನ್ನು ಹೇಗೆ ಪರಿಶೀಲಿಸಬೇಕು ಎಂದು ಹೇಳಿಕೊಡಬಹುದು. ಹೇಳಿಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಊರಿನ ಹೆಸರು ನೋಡಿ ಶಾಲೆಯನ್ನು ಊಹಿಸಬೇಡಿ. ಕ್ಯುಪರ್ಟಿನೋ ಊರಿನ ಬಹುಪಾಲು ಮಕ್ಕಳು 8ನೇ ತರಗತಿಯವರೆಗೆ ಕ್ಯುಪರ್ಟಿನೋ ಯೂನಿಯನ್ ಡಿಸ್ಟ್ರಿಕ್ಟ್‌ಗೆ (ಡಿಸ್ಟ್ರಿಕ್ಟ್ ಎಂದರೆ ಇಲ್ಲಿ ಶಾಲೆಗಳ ಆಡಳಿತ ವಲಯ) ಸೇರುತ್ತಾರೆ, 9ರಿಂದ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್‌ಗೆ. ಎರಡೂ ಬೇರೆ ಆಡಳಿತ, ಬೇರೆ ಗಡಿ. ಹೆಸರಿನಲ್ಲಿ ಫ್ರೀಮಾಂಟ್ ಇದ್ದರೂ ಈ ಹೈಸ್ಕೂಲ್ ಡಿಸ್ಟ್ರಿಕ್ಟ್‌ಗೂ ಫ್ರೀಮಾಂಟ್ ಊರಿಗೂ ಸಂಬಂಧವಿಲ್ಲ. ಫ್ರೀಮಾಂಟ್ ಹೈಸ್ಕೂಲ್ ಇರುವುದು ಸನಿವೇಲ್‌ನಲ್ಲಿ. ಫ್ರೀಮಾಂಟ್ ಊರಿಗೆ ಕಿಂಡರ್‌ಗಾರ್ಟನ್‌ನಿಂದ 12ರವರೆಗೆ ತನ್ನದೇ ಯೂನಿಫೈಡ್ ಡಿಸ್ಟ್ರಿಕ್ಟ್ ಇದೆ. ಇನ್ನು ಅಂಚೆ ವಿಳಾಸ "ಸ್ಯಾನ್ ಹೋಸೆ" ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಆ ನಗರದಲ್ಲಿ ಹತ್ತಕ್ಕೂ ಹೆಚ್ಚು ಡಿಸ್ಟ್ರಿಕ್ಟ್‌ಗಳಿವೆ. 95129 ಜಿಪ್ ಕೋಡನ್ನೇ ನೋಡಿ. ಅದರ ಕೆಲವು ಬೀದಿಗಳು ಕ್ಯುಪರ್ಟಿನೋ ಯೂನಿಯನ್‌ಗೆ, ಇನ್ನು ಕೆಲವು ಮೋರ್ಲ್ಯಾಂಡ್ ಡಿಸ್ಟ್ರಿಕ್ಟ್‌ಗೆ ಸೇರುತ್ತವೆ. ಹೈಸ್ಕೂಲ್ ಹೊತ್ತಿಗೆ ಒಂದು ಕಡೆಯ ಮಕ್ಕಳು ಲಿನ್‌ಬ್ರೂಕ್‌ಗೆ ಹೋದರೆ ಇನ್ನೊಂದು ಕಡೆಯವರು ಕ್ಯಾಂಬೆಲ್ ಯೂನಿಯನ್ನಿನ ಪ್ರಾಸ್ಪೆಕ್ಟ್‌ಗೆ ಹೋಗುವುದುಂಟು. ಮನೆಗಳ ಬೆಲೆಯೂ ಆ ಗೆರೆಯಲ್ಲೇ ಬದಲಾಗುತ್ತದೆ.

ಲಿಸ್ಟಿಂಗ್‌ನಲ್ಲಿ ಬರೆದ ಶಾಲೆಯ ಹೆಸರನ್ನು ನಂಬಿ ಆಫರ್ ಬರೆಯಬೇಡಿ. ಆ ಹೆಸರು ಹಲವು ಸಲ ಯಾವುದೋ ನಕಾಶೆಯಿಂದ ತಾನಾಗಿ ತುಂಬಿಕೊಂಡದ್ದು, ಕೆಳಗೆ ಸಣ್ಣ ಅಕ್ಷರದಲ್ಲಿ "ಕೊಳ್ಳುವವರೇ ಪರಿಶೀಲಿಸಿಕೊಳ್ಳಬೇಕು" ಎಂದೂ ಇರುತ್ತದೆ. ಮೊದಲು ಮಾರುವವರು ಕೊಡುವ ಡಿಸ್ಕ್ಲೋಷರ್ ಪ್ಯಾಕೆಟ್‌ನಲ್ಲಿರುವ ಪ್ರಿಲಿಮಿನರಿ ಟೈಟಲ್ ರಿಪೋರ್ಟ್ (ಒಡೆತನದ ವರದಿ) ತೆಗೆದು ಪಾರ್ಸೆಲ್ ನಂಬರ್ ಬರೆದುಕೊಳ್ಳಿ. ಆ ನಂಬರಿನಿಂದ ಕೌಂಟಿಯ ಸೈಟ್‌ನಲ್ಲಿ ಆಸ್ತಿ ತೆರಿಗೆ ಬಿಲ್ ತೆರೆಯಿರಿ. ಯಾವ ಸಂಸ್ಥೆಗೆ ಎಷ್ಟು ಹೋಗುತ್ತದೆ ಎಂದು ಸಾಲುಸಾಲಾಗಿ ಕೊಟ್ಟಿರುತ್ತಾರೆ. ಶಾಲಾ ಬಾಂಡ್‌ಗಳ ಸಾಲಿನಲ್ಲಿ ಹೆಚ್ಚಾಗಿ ಡಿಸ್ಟ್ರಿಕ್ಟ್‌ಗಳ ಹೆಸರೂ ಇರುತ್ತದೆ. ಈ ಮನೆ ಯಾವ ಡಿಸ್ಟ್ರಿಕ್ಟ್‌ಗೆ ತೆರಿಗೆ ಕಟ್ಟುತ್ತಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಸುಲಭವಾಗಿ ಸಿಗದು. ಮೆಲ್ಲೋ-ರೂಸ್ (ಬಡಾವಣೆಯ ರಸ್ತೆ, ಶಾಲೆಯಂಥ ಸೌಕರ್ಯಗಳಿಗಾಗಿ ಹಾಕುವ ವಿಶೇಷ ತೆರಿಗೆ) ಇದ್ದರೆ ಅದೂ ಇದೇ ಬಿಲ್‌ನಲ್ಲಿ ಕಾಣುತ್ತದೆ. ಹೊಸ ಬಡಾವಣೆಗಳಲ್ಲಿ ಅದು ಸಾಮಾನ್ಯ, ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದು.

ಬಿಲ್ ಡಿಸ್ಟ್ರಿಕ್ಟನ್ನು ಹೇಳುತ್ತದೆ, ಶಾಲೆಯನ್ನಲ್ಲ. ಶಾಲೆಗಾಗಿ ಡಿಸ್ಟ್ರಿಕ್ಟ್‌ನ ಸ್ವಂತ ಸೈಟ್‌ನಲ್ಲಿರುವ ಸ್ಕೂಲ್ ಲೊಕೇಟರ್‌ಗೆ ಮನೆ ನಂಬರ್ ಸಮೇತ ವಿಳಾಸ ಹಾಕಿ. ಬಳಿಕ ಎನ್‌ರೋಲ್ಮೆಂಟ್ ಆಫೀಸಿಗೆ ಇಮೇಲ್ ಮಾಡಿ ಮೂರು ಪ್ರಶ್ನೆ ಕೇಳಿ: ಈ ವಿಳಾಸಕ್ಕೆ, ಈ ತರಗತಿಗೆ ನಿಗದಿಯಾದ ಶಾಲೆ ಯಾವುದು? ಆ ತರಗತಿಯಲ್ಲಿ ಈಗ ಜಾಗ ಇದೆಯೇ? ಗಡಿ ಬದಲಿಸುವ ಅಥವಾ ಶಾಲೆ ಮುಚ್ಚುವ ಪ್ರಸ್ತಾಪವೇನಾದರೂ ಬೋರ್ಡ್ ಮುಂದಿದೆಯೇ? ಫೋನಿನಲ್ಲಿ ಕೇಳಿ ಬಿಡಬೇಡಿ, ಉತ್ತರ ಬರಹದಲ್ಲಿರಲಿ.

ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆಯುತ್ತಾರೆ. ಗಡಿಯೊಳಗೆ ಮನೆಯಿದ್ದರೆ ಸೀಟು ಖಾತ್ರಿ ಎಂದುಕೊಳ್ಳುತ್ತಾರೆ. ಫ್ರೀಮಾಂಟ್‌ನಲ್ಲಿ ತರಗತಿ ತುಂಬಿದ್ದರೆ ಮಗುವನ್ನು ಡಿಸ್ಟ್ರಿಕ್ಟ್‌ನ ಬೇರೆ ಶಾಲೆಗೆ ಕಳಿಸುತ್ತಾರೆ. ಅಲ್ಲಿ ಅದಕ್ಕೆ ಓವರ್‌ಲೋಡ್ ಎನ್ನುತ್ತಾರೆ. ವರ್ಷದ ನಡುವೆ ಬಂದು ಸೇರುವವರಿಗೆ ಇದು ಹೆಚ್ಚು ತಟ್ಟುತ್ತದೆ. ಮೂರನೆಯ ಪ್ರಶ್ನೆಯೂ ಬರೀ ಊಹೆಯ ಮಾತಲ್ಲ. ಮಕ್ಕಳ ಸಂಖ್ಯೆ ಇಳಿದಿದ್ದರಿಂದ ಕ್ಯುಪರ್ಟಿನೋ ಯೂನಿಯನ್ 2022ರಲ್ಲಿ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಜ್ ಎಲಿಮೆಂಟರಿ ಶಾಲೆಗಳನ್ನು ಮುಚ್ಚಿತು. ಡಬ್ಲಿನ್‌ನಲ್ಲಿ ಇದರ ಉಲ್ಟಾ ಆಯಿತು: ಊರು ಬೆಳೆದು 2024ರಲ್ಲಿ ಎಮರಾಲ್ಡ್ ಹೈಸ್ಕೂಲ್ ತೆರೆಯಿತು. ಮಗುವಿಗೆ ಈಗ 4 ವರ್ಷವಾದರೆ ಹೈಸ್ಕೂಲ್ ಇನ್ನೂ ಹತ್ತು ವರ್ಷ ದೂರ. ಅಲ್ಲಿಯವರೆಗೆ ಇವತ್ತಿನ ಗಡಿ ಹೀಗೇ ಇರುತ್ತದೆಂದು ಹೆಚ್ಚುವರಿ ಬೆಲೆ ಕೊಡುವಾಗ ಎರಡು ಸಲ ಯೋಚಿಸಿ.

ಈ ವಿಚಾರಣೆಯೆಲ್ಲ ಆಫರ್‌ಗೆ ಮೊದಲೇ ಮುಗಿಯಬೇಕು. ಕ್ಯಾಲಿಫೋರ್ನಿಯಾದ ಸಾಮಾನ್ಯ ಕರಾರು ಪತ್ರದಲ್ಲಿ ಕೊಳ್ಳುವವರ ಪರಿಶೀಲನೆಗೆ 17 ದಿನ ಇದೆ ನಿಜ. ಆದರೆ ಪೈಪೋಟಿ ಇರುವ ಕಡೆ ಕಾಂಟಿಂಜೆನ್ಸಿ (ಹಿಂದೆ ಸರಿಯಲು ಬಿಡುವ ಷರತ್ತು) ಇಲ್ಲದೆ ಆಫರ್ ಕೊಡುವುದೇ ರೂಢಿಯಾಗಿಬಿಟ್ಟಿದೆ. ಹಾಗೆ ಸಹಿ ಹಾಕಿದ ಮೇಲೆ ಶಾಲೆ ಬೇರೆ ಎಂದು ತಿಳಿದು ಹಿಂದೆ ಸರಿದರೆ ಮುಂಗಡವಾಗಿ ಎಸ್ಕ್ರೋಗೆ (ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಮೂರನೆಯವರ ಖಾತೆಗೆ) ಹಾಕಿದ ಹಣ ಕೈತಪ್ಪಬಹುದು. ಅದು ಹೆಚ್ಚಾಗಿ ಬೆಲೆಯ 3 ಪ್ರತಿಶತ; 15 ಲಕ್ಷ ಡಾಲರ್ ಮನೆಗೆ 45,000 ಡಾಲರ್.

ರೇಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತಕ್ಕೆ ಎಂಟೋ ಒಂಬತ್ತೋ ಎಂಬುದಕ್ಕಾಗಿ ಲಕ್ಷ ಡಾಲರ್ ಹೆಚ್ಚು ಕೊಡಬೇಡಿ. ರಾಜ್ಯದ ಸ್ಕೂಲ್ ಡ್ಯಾಶ್‌ಬೋರ್ಡ್ ನೋಡಿ, ಶಾಲೆಗೊಮ್ಮೆ ಹೋಗಿ ಬನ್ನಿ.

ಈಗ ದಾರಿ. ಮನೆಯಿಂದ ಆಫೀಸಿಗೆ ಎಷ್ಟು ನಿಮಿಷ ಎಂದು ನೋಡಿದರೆ ಅರ್ಧ ಲೆಕ್ಕವಷ್ಟೇ ಆಯಿತು. ಮನೆ, ಶಾಲೆ, ಆಫೀಸ್ ಮೂರನ್ನೂ ಸೇರಿಸಿ ಅಳೆಯಬೇಕು. ಈ ಊರುಗಳಲ್ಲಿ ಎಲ್ಲ ಮಕ್ಕಳಿಗೂ ಹಳದಿ ಬಸ್ ಇಲ್ಲ. ಬಿಟ್ಟು ಬರುವುದು, ಕರೆತರುವುದು ನಿಮ್ಮದೇ ಕೆಲಸ. 2022ರ ಜುಲೈಯಿಂದ ರಾಜ್ಯದ ಬಹುಪಾಲು ಹೈಸ್ಕೂಲ್‌ಗಳು 8:30ಕ್ಕೆ ಮೊದಲು, ಮಿಡಲ್ ಸ್ಕೂಲ್‌ಗಳು 8:00ಕ್ಕೆ ಮೊದಲು ಶುರುವಾಗುವಂತಿಲ್ಲ. 8:30ಕ್ಕೆ ಬಿಟ್ಟು ಹೊರಟರೆ ಹೆದ್ದಾರಿ 237ರಲ್ಲೋ 280ರಲ್ಲೋ ವಾಹನಗಳ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತೀರಿ, 9:00ರ ಮೀಟಿಂಗ್ ಆಗದ ಮಾತು. ಹಲವು ಶಾಲೆಗಳು ವಾರಕ್ಕೊಂದು ದಿನ ಬೇಗ ಬಿಡುತ್ತವೆ. ಆಫ್ಟರ್ ಕೇರ್‌ನಲ್ಲಿ ಜಾಗ ಇದೆಯೋ, ವೇಯ್ಟ್‌ಲಿಸ್ಟ್ ಇದೆಯೋ ಎಂದು ಮನೆ ನೋಡುವ ವಾರವೇ ಕೇಳಿ.

ಗೂಗಲ್ ಮ್ಯಾಪ್ಸ್‌ನಲ್ಲಿ "ಈಗ ಹೊರಟರೆ" ಎಂದು ಭಾನುವಾರದ ಓಪನ್ ಹೌಸ್‌ನಲ್ಲಿ ನೋಡಿದ ಸಂಖ್ಯೆಗೆ ಅರ್ಥವಿಲ್ಲ. ತಲುಪುವ ಸಮಯ ಹಾಕಿ, ಮಂಗಳವಾರದಿಂದ ಗುರುವಾರದೊಳಗಿನ ದಿನ ಆರಿಸಿ. ಹೈಬ್ರಿಡ್ ಕೆಲಸದವರು ಹೆಚ್ಚಾಗಿ ಆಫೀಸಿಗೆ ಬರುವುದು ಆ ದಿನಗಳಲ್ಲೇ. ಅದು ಕೊಡುವ ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನೇ ಹಿಡಿಯಿರಿ. ಆಮೇಲೆ ಒಂದು ಬೆಳಗ್ಗೆ ಶಾಲೆಯ ಗೇಟಿನ ಮುಂದಿನ ಡ್ರಾಪ್ ಆಫ್ ಸಾಲೂ ಸೇರುವಂತೆ ನೀವೇ ಓಡಿಸಿ ನೋಡಿ. ಆ ಸಾಲು ಯಾವ ಮ್ಯಾಪ್‌ನಲ್ಲೂ ಸರಿಯಾಗಿ ಕಾಣುವುದಿಲ್ಲ.

ರೈಲಿದೆ ಎಂಬ ಧೈರ್ಯಕ್ಕೂ ಮಿತಿ ಇದೆ. ವಾರ್ಮ್ ಸ್ಪ್ರಿಂಗ್ಸ್‌ಗೆ 2017ರಲ್ಲಿ, ಮಿಲ್ಪಿಟಾಸ್ ಮತ್ತು ಬೆರಿಯೆಸಾಗೆ 2020ರಲ್ಲಿ ಬಾರ್ಟ್ ಬಂತು, ದಿನವಿಡೀ ಓಡುತ್ತದೆ. ಟ್ರೇಸಿ ಕಡೆಯಿಂದ ಬರುವ ಏಸ್ ರೈಲು ಹಾಗಲ್ಲ. ಬೆಳಗ್ಗೆ ಸ್ಯಾನ್ ಹೋಸೆಗೆ, ಸಂಜೆ ವಾಪಸ್. ಟ್ರೇಸಿ ಹತ್ತಿರದ ಮೌಂಟನ್ ಹೌಸ್‌ನಲ್ಲಿ ದೊಡ್ಡ ಮನೆ ಸಿಗುತ್ತದೆ ನಿಜ, ಆದರೆ ಮಗುವಿಗೆ ಜ್ವರ ಎಂದು ಬೆಳಗ್ಗೆ ಹನ್ನೊಂದಕ್ಕೆ ಶಾಲೆಯಿಂದ ಫೋನ್ ಬಂದರೆ ಹಿಂದಿರುಗಲು ಆ ಹೊತ್ತಿಗೆ ರೈಲಿಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಅರ್ಧ ಗಂಟೆಯೊಳಗೆ ಶಾಲೆ ಮುಟ್ಟುವಂತಿರಬೇಕು.

ಈಗ ಎರಡನ್ನೂ ಡಾಲರಿಗೆ ಇಳಿಸಿ. ಶಾಲೆಗಾಗಿ 2 ಲಕ್ಷ ಡಾಲರ್ ಹೆಚ್ಚು ಬೆಲೆ ಎಂದುಕೊಳ್ಳಿ. 20 ಪ್ರತಿಶತ ಡೌನ್ ಪೇಮೆಂಟ್, 30 ವರ್ಷ, 6.5 ಪ್ರತಿಶತ ಬಡ್ಡಿಗೆ ತಿಂಗಳ ಕಂತು ಸುಮಾರು 1,010 ಹೆಚ್ಚುತ್ತದೆ, 1.2 ಪ್ರತಿಶತದಂತೆ ಆಸ್ತಿ ತೆರಿಗೆ 200. ಒಟ್ಟು ತಿಂಗಳಿಗೆ 1,210, ಅಂದರೆ ವರ್ಷಕ್ಕೆ 14,520, ಜತೆಗೆ ಮೊದಲೇ 40,000 ಕೈಯಿಂದ. ಇನ್ನೊಂದು ಕಡೆ, ದೂರದ ಮನೆಯಿಂದ ಒಂದು ಕಡೆಗೆ 20 ಮೈಲಿ, 25 ನಿಮಿಷ ಹೆಚ್ಚು, ವಾರಕ್ಕೆ 3 ದಿನ, ವರ್ಷಕ್ಕೆ 48 ವಾರ: 5,760 ಮೈಲಿ, 120 ಗಂಟೆ. ತೆರಿಗೆ ಇಲಾಖೆಯ 2025ರ ದರ ಮೈಲಿಗೆ 70 ಸೆಂಟ್, ಅಂದರೆ ಒಬ್ಬರಿಗೆ ವರ್ಷಕ್ಕೆ ಸುಮಾರು 4,030 ಡಾಲರ್. ಬರೀ ಹಣದಲ್ಲಿ ದೂರದ ಮನೆಯೇ ಗೆಲ್ಲುತ್ತದೆ. ಇಬ್ಬರೂ ಆಫೀಸಿಗೆ ಹೋಗುವವರಾಗಿ, ಐದೂ ದಿನ ಬನ್ನಿ ಎಂದು ಆದೇಶ ಬಂದರೆ ಎರಡರ ಖರ್ಚು ಹತ್ತಿರ ಹತ್ತಿರ ಬರುತ್ತದೆ, ದಾರಿಯಲ್ಲಿ ಹೋಗುವ ಸಮಯವನ್ನೂ ಎಣಿಸಿದರೆ ಲೆಕ್ಕ ತಿರುಗಬಹುದು. ಇಲ್ಲಿ ಕೆಲಸ ಬದಲಾಗುವುದು ಸಾಮಾನ್ಯ, ಶಾಲೆ 13 ವರ್ಷದ್ದು. ಹಾಗಾಗಿ ಇವತ್ತಿನ ಒಂದೇ ಆಫೀಸಿಗೆ ಅಳೆಯದೆ ನಿಮ್ಮ ಕ್ಷೇತ್ರದ ಕಂಪನಿಗಳಿರುವ ಎರಡು ಮೂರು ಜಾಗಗಳಿಗೆ ಅಳೆಯಿರಿ.

ಕೊನೆಗೆ ದಾಖಲೆ. ಶಾಲೆಗಳು ಆಗಸ್ಟ್‌ನಲ್ಲಿ ಶುರು. ಕಿಂಡರ್‌ಗಾರ್ಟನ್‌ಗೆ ಸೆಪ್ಟೆಂಬರ್ 1ಕ್ಕೆ 5 ತುಂಬಿರಬೇಕು, ಅದಕ್ಕೆ ಮೊದಲಿನ ಟಿಕೆಗೆ (ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್) 4. ವಾಸದ ಪುರಾವೆಯಾಗಿ ಡೀಡ್ ಅಥವಾ ತೆರಿಗೆ ಬಿಲ್, ಜತೆಗೆ ಕರೆಂಟ್ ಬಿಲ್ ಕೇಳುತ್ತಾರೆ. ಎಸ್ಕ್ರೋ ಪತ್ರವನ್ನು ಒಪ್ಪುತ್ತಾರೋ ಎಂಬುದು ಡಿಸ್ಟ್ರಿಕ್ಟ್‌ಗೆ ಬಿಟ್ಟದ್ದು, ಮೊದಲೇ ಕೇಳಿಕೊಳ್ಳಿ. ಎಸ್ಕ್ರೋ ಮುಗಿದು ಮನೆ ಕೈಸೇರಲು ಸಾಮಾನ್ಯವಾಗಿ 21ರಿಂದ 30 ದಿನ ಬೇಕು, ಆದ್ದರಿಂದ ಜೂನ್ ಕೊನೆಯೊಳಗೆ ಆಫರ್ ಒಪ್ಪಿಗೆಯಾದರೆ ಉಸಿರಾಡಲು ಜಾಗ ಇರುತ್ತದೆ. ಮನೆ ಗಡಿಯ ಹೊರಗಿದ್ದು ಆಫೀಸ್ ಒಳಗಿದ್ದರೆ ಆಲನ್ ಬಿಲ್ ಎಂಬ ದಾರಿಯೂ ಇದೆ: ಹೆತ್ತವರಲ್ಲಿ ಒಬ್ಬರು ಶಾಲಾ ವಾರದಲ್ಲಿ ಕನಿಷ್ಠ 10 ಗಂಟೆ ಆ ಡಿಸ್ಟ್ರಿಕ್ಟ್ ಗಡಿಯೊಳಗೆ ಕೆಲಸ ಮಾಡುತ್ತಿದ್ದರೆ ಅರ್ಜಿ ಹಾಕಬಹುದು. ಒಪ್ಪುವುದು, ಬಿಡುವುದು ಡಿಸ್ಟ್ರಿಕ್ಟ್‌ನ ಇಷ್ಟ, ಹಾಗಾಗಿ ಅದನ್ನು ನೆಚ್ಚಿ ಮನೆ ಕೊಳ್ಳಬೇಡಿ.