ನೆಟ್ಟಗೆ ನಡೆಯುವ ಕುದುರೆಯ ಗೊರಸಿಗೆ ಅರ ಹಾಕುವ ಮುಂಚೆ

ನೆಲಕ್ಕೆ ಬಿದ್ದ ಚೂರಿನ ರಾಶಿ ನೋಡಿ ಕೂಲಿ ಲೆಕ್ಕ ಹಾಕುವ ಕಡೆ ಗೊರಸಿನ ಕೆಲಸ ಮಾಡುವುದು ಬಹಳ ಕಷ್ಟ. ಸಕಲೇಶಪುರದ ಆಚೆ ಒಂದು ಎಸ್ಟೇಟ್ ರೆಸಾರ್ಟ್‌ನಲ್ಲಿ ಹೋದ ಮಳೆಗಾಲದ ಕೊನೆಗೆ ನಡೆದದ್ದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಅಲ್ಲಿರುವ ಕೆಂಚಿ ಕಾಠಿಯಾವಾಡಿ ಹೆಣ್ಣು ಕುದುರೆ. ಅರಸೀಕೆರೆ ಕಡೆಯ ಒಣ ಕಲ್ಲುನೆಲದಲ್ಲಿ ಬೆಳೆದದ್ದು, ಲಾಳ ಕಟ್ಟಿಲ್ಲ, ಕುಂಟಿದ್ದೂ ಇಲ್ಲ. ನಾನು ಏಪ್ರನ್ ಕಟ್ಟುವಷ್ಟರಲ್ಲಿ ಮ್ಯಾನೇಜರ್ ಬಂದರು. "ಹತ್ತು ಗಂಟೆಗೆ ಗೆಸ್ಟ್ ಬರ್ತಾರೆ. ಮುಂದಿನ ಎರಡೂ ಕಾಲು ಒಂದೇ ಥರ ಕಾಣ್ಬೇಕು. ಎಡಗಾಲು ಸೊಟ್ಟ ಇದೆ ನೋಡಿ. ಅಡೀನೂ ಬೆಳ್ಳಗೆ ಕೆರೆದ್ಬಿಡಿ, ಹಿಂದಿನವ್ರು ಹಾಗೇ ಮಾಡ್ತಿದ್ರು."

ಮುಂದೆ ನಿಂತು ನೋಡಿದರೆ ಎಡ ಗೊರಸಿನ ಹೊರಮಗ್ಗುಲು ಹರಡಿಕೊಂಡಿತ್ತು, ನಿಜ. ನಿಪ್ಪರ್ (ಗೊರಸು ಕತ್ತರಿಸುವ ಇಕ್ಕಳ) ಹಾಕಿ ತೆಗೆಯಬೇಕಾದೀತು ಎಂದೇ ನನಗೂ ಮೊದಲು ಅನಿಸಿತು. ಆದರೆ ನಡೆಸಿ ನೋಡದೆ ನಾನು ಯಾವ ಕಾಲನ್ನೂ ಎತ್ತುವುದಿಲ್ಲ. ಕುದುರೆ ನೋಡಿಕೊಳ್ಳುವ ಸೈಸ್ ಹುಡುಗನಿಗೆ, "ಕಾಫಿ ಕಣದ ಮೇಲೆ ಒಂದ್ಸಲ ನಡೆಸಪ್ಪ, ಆಮೇಲೆ ಜಲ್ಲಿ ಮೇಲೆ" ಎಂದೆ. ಸಿಮೆಂಟಿನ ಮೇಲೆ ನಾಲ್ಕೂ ಕಾಲಿನ ಸದ್ದು ಒಂದೇ ಲಯದಲ್ಲಿತ್ತು. ಮಗ್ಗುಲಲ್ಲಿ ಕೂತು ನೋಡಿದೆ: ಹಿಮ್ಮಡಿ ಮೊದಲು ನೆಲ ಮುಟ್ಟುತ್ತಿತ್ತು, ಒಳಮಗ್ಗುಲು ಹೊರಮಗ್ಗುಲು ಒಟ್ಟಿಗೇ ಕೂರುತ್ತಿದ್ದವು. ಜಲ್ಲಿಯ ಮೇಲೂ ಹೆಜ್ಜೆ ಚಿಕ್ಕದಾಗಲಿಲ್ಲ.

ಕಾಲೆತ್ತಿ ಬ್ರಷ್ ಹೊಡೆದ ಮೇಲೆ, ಗೊರಸಿನ ಹೊರಗೋಡೆಯೂ ಅಂಗಾಲೂ ಸೇರುವ ಬಿಳಿ ಗೆರೆ ನೋಡಿದೆ. ಗೋಡೆ ಒಳಗಿನಿಂದ ಕಿತ್ತುಕೊಂಡು ಹರಡಿದ್ದರೆ ಆ ಗೆರೆ ಅಗಲವಾಗಿ, ಮಣ್ಣು ಕಚ್ಚಿಕೊಂಡಿರಬೇಕು. ಇಲ್ಲಿ ಸುತ್ತಲೂ ಸಣ್ಣಗೆ, ಬಿಗಿಯಾಗಿತ್ತು. ಮೊಣಕಾಲಿನಿಂದ ಕೆಳಗೆ ಆ ಕಾಲೇ ಸ್ವಲ್ಪ ಹೊರಕ್ಕೆ ತಿರುಗಿದೆ, ಗೊರಸು ಅದಕ್ಕೆ ಸರಿಯಾಗಿ ಬೆಳೆದುಕೊಂಡಿದೆ. ಬೆಳೆದ ಕುದುರೆಯ ಓರೆ ಕಾಲಿನ ಕೆಳಗೆ ನೆಟ್ಟಗಿನ ಗೊರಸು ಮಾಡಲು ಹೋದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ.

ಅರ ಕೈಯಲ್ಲಿ, ಗೊರಸು ತೊಡೆಯ ಮೇಲೆ, ತಲೆಯ ಮೇಲೆ ಮ್ಯಾನೇಜರ್. "ಕೆರೀರಿ, ಟೈಮ್ ಆಯ್ತು" ಎನ್ನುತ್ತಲೇ ಇದ್ದರು. ನಾನು ಫ್ರಾಗ್ (ಅಂಗಾಲಿನ ನಡುವಿನ ಮೆತ್ತನೆ ತ್ರಿಕೋನ ಭಾಗ) ಪಕ್ಕದ ಗಾಡಿ, ಅಂದರೆ ಉದ್ದ ತೋಡು, ಎಷ್ಟು ಆಳವಿದೆ ಎಂದು ನೋಡುತ್ತಿದ್ದೆ. ಆ ಗಾಡಿಯ ತಳದಿಂದ ಒಳಗಿನ ಜೀವಭಾಗಕ್ಕೆ ಇರುವ ದೂರ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಗಾಡಿ ಆಳವಿದ್ದಷ್ಟೂ ಅಂಗಾಲು ದಪ್ಪ. ಕೆಂಚಿಯದು ಅಗತ್ಯಕ್ಕೆ ತಕ್ಕಷ್ಟಿತ್ತು, ಕೆರೆದು ಕಳೆಯುವಷ್ಟು ಇರಲಿಲ್ಲ. ಸೀಮೆಸುಣ್ಣದ ಹಾಗೆ ತಾನಾಗಿ ಉದುರುವ ಸತ್ತ ಪದರ ಹೋಗಲಿ. ಅದರ ಕೆಳಗಿನ ಮೇಣದಂಥ ಗಟ್ಟಿ ಪದರಕ್ಕೆ ಚಾಕು ಹಾಕಿದರೆ ಕಣ್ಣಿಗೆ ಬೆಳ್ಳಗೆ ಕಾಣುತ್ತದೆ, ಮಾರನೇ ದಿನ ಕುದುರೆ ಜಲ್ಲಿ ಮೇಲೆ ಕಾಲು ಎತ್ತೆತ್ತಿ ಇಡುತ್ತದೆ. ಅದೂ ಮೈಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೇ ಇರುತ್ತದೆ.

ಕಡೆಗೆ ಮಾಡಿದ್ದು ಇಷ್ಟು: ಅಂಗಾಲಿನ ಮಟ್ಟ ದಾಟಿ ನಿಂತಿದ್ದ ಗೋಡೆಯನ್ನು ಅರದಿಂದ ಇಳಿಸಿದೆ. ಸೀಳದಂತೆ ಅಂಚು ದುಂಡಗೆ ಮಾಡಿದೆ. ಬಲ ಹಿಂಗಾಲಿನಲ್ಲಿ ಅಂಗಾಲಿನ ಮೇಲೆ ಮಡಚಿ ಮಲಗಿದ್ದ ಬಾರ್ (ಹಿಮ್ಮಡಿಯ ಹತ್ತಿರ ಗೋಡೆ ಒಳಕ್ಕೆ ತಿರುಗಿ ಬರುವ ಭಾಗ) ಬಿಡಿಸಿದೆ. ಫ್ರಾಗ್‌ನಲ್ಲಿ ಕೊಳೆ ಹಿಡಿದು ನೇತಾಡುತ್ತಿದ್ದ ಚೂರು ಮಾತ್ರ ಕತ್ತರಿಸಿದೆ.

"ಇಷ್ಟೇನಾ? ಏನೂ ತೆಗ್ದೇ ಇಲ್ವಲ್ರೀ" ಎಂದು ಮ್ಯಾನೇಜರ್ ಅರ್ಧ ಕೂಲಿಯ ಮಾತಾಡಿದರು. ಸಾಹುಕಾರರು ಬಂದಾಗ ಅವರ ಕೈಗೇ ಕಾಲು ಕೊಟ್ಟು ಬಿಳಿ ಗೆರೆ ತೋರಿಸಿದೆ, ಮತ್ತೊಮ್ಮೆ ಕಣದಲ್ಲಿ ನಡೆಸಿದೆ. ಅವರು ಕಾಫಿ ಗಿಡದ ರೆಂಬೆ ಕತ್ತರಿಸುವ ಕಸಿ ಕೆಲಸ ಮಾಡಿಸುವವರು, ಎಲ್ಲಿ ಕತ್ತರಿಸಬಾರದು ಎಂಬ ಮಾತು ಬೇಗ ಅರ್ಥವಾಯಿತು. ಪೂರ್ತಿ ಕೂಲಿ ಕೊಡಿಸಿದರು.

ಲಾಯದ ಮೂಲೆಯಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತನ್ನು ಹುಡುಗ ನೀರಲ್ಲಿ ಗಟ್ಟಿಯಾಗಿ ಕಲಸಿ ಫ್ರಾಗ್ ಸಂದಿಗೆ ಸುರಿಯುತ್ತಿದ್ದ. ಅವನಿಗೆ ಕುದುರೆಯ ಮೇಲೆ ಪ್ರೀತಿ ಇದೆ, ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಗಟ್ಟಿ ಮೈಲುತುತ್ತು ಕೊಳೆಯ ಜೊತೆ ಜೀವಂತ ಚರ್ಮವನ್ನೂ ಸುಡುತ್ತದೆ. ಮೊದಲು ಒಣ ನೆಲ, ದಿನಾ ಬ್ರಷ್. ಔಷಧಿ ಬೇಕೆಂದರೆ ಡಾಕ್ಟರನ್ನು ಕೇಳಿ ಹಾಕು ಎಂದೆ. ಕುಂಟು ಕಂಡರೆ ನಾನೂ ಅರ ಮುಟ್ಟುವುದಿಲ್ಲ, ಹಾಸನದ ಪಶುವೈದ್ಯಕೀಯ ಕಾಲೇಜಿಗೆ ತೋರಿಸಿ ಎನ್ನುತ್ತೇನೆ.

ಈಗ ಜಗಳ ಇರುವುದು ಕ್ಯಾಲೆಂಡರಿನ ಮೇಲೆ. ಆರು ವಾರಕ್ಕೊಮ್ಮೆ ನಾಲ್ಕು ಕಾಲಿಗೂ ಅರ ಹಾಕಲೇಬೇಕೆಂದು ಆಫೀಸಿನ ರಿಜಿಸ್ಟರಿನಲ್ಲಿ ಬರೆದಿದ್ದಾರೆ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ, ಮುಂಗಾಲಿನ ಗೊರಸಿನ ಮುಂಭಾಗ ಮೇಲಂಚಿನಿಂದ ನೆಲದವರೆಗೆ ಬೆಳೆದು ಇಳಿಯಲು ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಮಲೆನಾಡಿನ ಮಳೆಯಲ್ಲಿ ಮೆತ್ತನೆ ಕೆಸರು ಗೊರಸನ್ನು ಸವೆಸುವುದಿಲ್ಲ, ಆಗ ನಾಲ್ಕು ವಾರಕ್ಕೇ ನೋಡಬೇಕು. ಫೆಬ್ರವರಿ–ಮಾರ್ಚ್‌ನಲ್ಲಿ ಒಣ ಜಲ್ಲಿಯ ಮೇಲೆ ದಿನಾ ಸವಾರಿ ಇದ್ದರೆ ನೆಲವೇ ಅರದ ಕೆಲಸ ಮಾಡಿರುತ್ತದೆ. ಅಂಚಿಗೆ ಎರಡು ಎಳೆತ ಕೊಟ್ಟು ಬಿಟ್ಟುಬಿಡುವ ಕಾಲೂ ಸಿಗುತ್ತದೆ. ಹಾಗೆ ಬಿಟ್ಟ ದಿನವೂ ನಾನು ಬಂದು, ನಡೆಸಿ, ನಾಲ್ಕೂ ಕಾಲು ಎತ್ತಿ ನೋಡಿರುತ್ತೇನೆ. ಅದನ್ನು ಬರೆಯಲು ರಿಜಿಸ್ಟರಿನಲ್ಲಿ ಒಂದು ಕಾಲಂ ಹಾಕಿಸಿ ಎಂದು ಸಾಹುಕಾರರನ್ನು ಕೇಳಿದ್ದೇನೆ. ಈ ಮಳೆಗಾಲಕ್ಕೆ ಮುಂಚೆ ಹಾಕಿಸುತ್ತೇನೆ ಎಂದಿದ್ದಾರೆ.