ಟ್ಯಾಂಕು ತುಂಬಿದ ದಿನದ ವಾಸನೆ

ನಮ್ಮ ಮನೆಯ ಮಾರುತಿ ಓಮ್ನಿ ವ್ಯಾನು 1997ರದ್ದು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಕಾರ್ಬರೇಟರ್ ಇರುವ ಗಾಡಿ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಮಣ್ಣುರಸ್ತೆಯಲ್ಲಿ ವಾಸಿಸುವ ನಮಗೆ ಅಡಿಕೆಯ ಗೋಣಿ, ಹಿಂಡಿ, ತೆಂಗಿನಕಾಯಿ, ಪೂಜೆಗೆ ಹೊರಟ ನೆಂಟರು ಎಲ್ಲವನ್ನೂ ಹಿಡಿಸುವ ಬೇರೊಂದು ಗಾಡಿ ಸಿಕ್ಕದ ಕಾರಣ, ಹದಿನೈದು ವರ್ಷ ಕಳೆದ ಮೇಲೂ ಐದೈದು ವರ್ಷಕ್ಕೊಮ್ಮೆ ಕಾಸರಗೋಡಿಗೆ ಹೋಗಿ ನೋಂದಣಿ ಪತ್ರ (ಆರ್‌ಸಿ) ನವೀಕರಿಸಿ ಅದನ್ನು ಉಳಿಸಿಕೊಂಡಿದ್ದೇನೆ. ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಅದರೊಳಗೆ ಪೆಟ್ರೋಲಿನ ವಾಸನೆ ಆರಂಭವಾಯಿತು. ನನಗೆ ಅದು ತಿಳಿಯಲೇ ಇಲ್ಲ. ನಡುವಿನ ಸೀಟಿನಲ್ಲಿ ಕುಳಿತ ಹೆಂಡತಿ ಬದಿಯಡ್ಕ ತಲುಪುವಷ್ಟರಲ್ಲಿ ತಲೆ ಸುತ್ತುತ್ತದೆ ಎಂದು ಇಳಿದು, ಇನ್ನು ಬಸ್ಸಿನಲ್ಲೇ ಬರುತ್ತೇನೆ ಎಂದು ನಿಂತುಬಿಟ್ಟಾಗಲೇ ವಿಷಯ ಗಂಭೀರವೆಂದು ಗೊತ್ತಾದದ್ದು.

ಗ್ಯಾರೇಜಿನವನು ಪರಿಚಿತ. "ಹಳೇ ಗಾಡಿಯಲ್ವಾ ಮಾಷ್ಟ್ರೇ, ಸ್ವಲ್ಪ ವಾಸನೆ ಇರ್ತದೆ" ಎಂದ. ಓಮ್ನಿಯ ಮಟ್ಟಿಗೆ ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅದರ ಎಂಜಿನ್ ಇರುವುದೇ ಮುಂದಿನ ಸೀಟುಗಳ ಕೆಳಗೆ. ಬಿಸಿಯಾದ ಎಂಜಿನ್ ನಿಲ್ಲಿಸಿದ ಮೇಲೆ ಕಾರ್ಬರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಆವಿಯಾಗುತ್ತದೆ, ಸೀಟಿನಡಿಯ ಎಂಜಿನ್ ಮುಚ್ಚಳದ ಸುತ್ತಲಿನ ರಬ್ಬರು ಸವೆದಿದ್ದರೆ ಆ ಆವಿ ನೇರವಾಗಿ ಒಳಗೆ ಬರುತ್ತದೆ. ಆದರೆ ನಮ್ಮ ಗಾಡಿಯಲ್ಲಿ ವಾಸನೆ ಬರುತ್ತಿದ್ದುದು ಓಡುವಾಗ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು, ನೆಲದ ಮಟ್ಟದಲ್ಲಿ ಸೇರಿಕೊಂಡು ಕುಳಿತಿರುತ್ತದೆ, ಮತ್ತು ಬಲು ಸಣ್ಣ ಕಿಡಿಗೂ ಹತ್ತಿಕೊಳ್ಳುತ್ತದೆ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ "ಸ್ವಲ್ಪ ಇರ್ತದೆ" ಎಂಬ ಸಮಾಧಾನ ನನಗೆ ಸಾಲಲಿಲ್ಲ.

ಹಾಗೆಂದು ಅವನು ಕೆಲಸ ಮಾಡಲಿಲ್ಲವೆಂದಲ್ಲ. ಸೀಟು ಎತ್ತಿ ಕಾರ್ಬರೇಟರ್ ಬಿಚ್ಚಿ ತೊಳೆದ, ಓವರ್‌ಫ್ಲೋ ಇರಬಹುದೆಂದು, ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟಿನ ಸೂಜಿ ಬದಲಿಸಿದ, ಫಿಲ್ಟರು ಹೊಸತು ಹಾಕಿದ. ಆಯಿಲ್ ಕಡ್ಡಿಯನ್ನು ಎಳೆದು ನನ್ನ ಮೂಗಿನ ಬಳಿ ಹಿಡಿದ. ಪೆಟ್ರೋಲ್ ಪಂಪಿನ ಒಳಗಿನ ರಬ್ಬರು ಪರದೆ ಹರಿದಿದ್ದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುತ್ತದೆ, ಕಡ್ಡಿಯಲ್ಲೇ ಅದರ ವಾಸನೆ ಹೊಡೆಯುತ್ತದೆ. ನಮ್ಮದರಲ್ಲಿ ಬರಿಯ ಆಯಿಲಿನ ವಾಸನೆ. ಎರಡು ವಾರ ಏನೂ ಇರಲಿಲ್ಲ. ಮೂರನೆಯ ವಾರ ಮತ್ತೆ ಬಂತು.

ಆಗ ನಾನು ಮೇಷ್ಟರ ಚಾಳಿಯಂತೆ ಬರೆದಿಡಲು ಆರಂಭಿಸಿದೆ. ಮೂಗನ್ನು ನಂಬುವಂತಿಲ್ಲ, ಐದು ನಿಮಿಷ ಒಂದೇ ವಾಸನೆಯಲ್ಲಿ ಕುಳಿತರೆ ಅದಕ್ಕೆ ಒಗ್ಗಿಬಿಡುತ್ತದೆ. ಹಾಗಾಗಿ ಪ್ರತಿ ಸಲ ಗಾಡಿ ಹೊರಡುವ ಮೊದಲು ಅಂಗಳದಿಂದ ನೇರ ಬಂದು ಬಾಗಿಲು ತೆರೆದ ಕ್ಷಣದ ವಾಸನೆ, ಹತ್ತು ಕಿಲೋಮೀಟರ್ ಕಳೆದು ಇಳಿದು ಮತ್ತೆ ಹತ್ತಿದಾಗಿನ ವಾಸನೆ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಟ್ಯಾಂಕಿನ ಮುಳ್ಳು ಎಲ್ಲಿತ್ತು, ಇಷ್ಟನ್ನು ಗೋಡೆಯ ಕ್ಯಾಲೆಂಡರಿನ ದಿನಾಂಕದ ಚೌಕಗಳಲ್ಲಿ ಗೀಚಿದೆ. ಒಂದೂವರೆ ತಿಂಗಳ ಚೌಕಗಳನ್ನು ಒಟ್ಟಿಗೆ ನೋಡಿದಾಗ ವಿಷಯ ಕಣ್ಣಿಗೆ ಹೊಡೆಯಿತು. ವಾಸನೆ ಇದ್ದ ದಿನಗಳೆಲ್ಲ ಗಡಿಯಾಚೆ ಕರ್ನಾಟಕದ ವಿಟ್ಲಕ್ಕೆ ಹೋಗಿ ಬಂದ ದಿನಗಳು, ಇಲ್ಲವೇ ಅದರ ಮರುದಿನ.

ಗಡಿಯ ಈಚೆಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೇರಳಕ್ಕಿಂತ ಕರ್ನಾಟಕದಲ್ಲಿ ಪೆಟ್ರೋಲು ಲೀಟರಿಗೆ ಕೆಲವು ರೂಪಾಯಿ ಅಗ್ಗ. ಗಡಿಯ ಸಾರಡ್ಕ ದಾಟಿ ಅತ್ತ ಹೋದ ನಮ್ಮವರು ಯಾರೂ ಟ್ಯಾಂಕು ತುಂಬಿಸದೆ ಬರುವುದಿಲ್ಲ, ನಾನಂತೂ ಪಂಪಿನ ಹುಡುಗನ ಗನ್ನು ತಾನಾಗಿ ನಿಂತ ಮೇಲೂ "ಇನ್ನೊಂದು ಸ್ವಲ್ಪ ಹಾಕಪ್ಪ" ಎನ್ನುವ ಜಾತಿ. ಊರಿನ ಪಂಪಿನಲ್ಲಿ ಐನೂರು ರೂಪಾಯಿಗೆ ಹಾಕಿಸಿಕೊಂಡ ವಾರಗಳಲ್ಲಿ ವಾಸನೆಯೇ ಇಲ್ಲ. ಅಂದರೆ ಸೋರಿಕೆ ಎಂಜಿನಿನಲ್ಲಿಲ್ಲ, ಟ್ಯಾಂಕಿನ ಮೇಲ್ಭಾಗದಲ್ಲಿ ಎಲ್ಲೋ ಇದೆ. ಪೆಟ್ರೋಲು ಆ ಎತ್ತರದವರೆಗೆ ನಿಂತಿರುವಾಗ, ಏರಿನಲ್ಲಿ ಗಾಡಿ ವಾಲಿದಾಗ, ತಿರುವಿನಲ್ಲಿ ತುಳುಕಿದಾಗ ಮಾತ್ರ ಅದು ಹೊರಬರುತ್ತದೆ. ಮೊದಲು ಎರಡು ವಾರ ವಾಸನೆ ನಿಂತದ್ದು ಕಾರ್ಬರೇಟರ್ ತೊಳೆದದ್ದರಿಂದಲ್ಲ, ಆ ಎರಡು ವಾರ ನಾನು ವಿಟ್ಲಕ್ಕೆ ಹೋಗಿರಲಿಲ್ಲ, ಅಷ್ಟೆ.

ಈ ಲೆಕ್ಕವನ್ನು ಹಿಡಿದುಕೊಂಡು ಮತ್ತೆ ಗ್ಯಾರೇಜಿಗೆ ಹೋದೆ. ಬ್ಯಾಟರಿಯ ತಂತಿ ಕಳಚಿ, ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಬೀಡಿ ಸೇದುತ್ತಿದ್ದ ಇಬ್ಬರನ್ನು ರಸ್ತೆಯ ಆಚೆಗೆ ಕಳುಹಿಸಿ ಅವನು ಕೆಳಗೆ ನುಸುಳಿದ. ಪೆಟ್ರೋಲು ಹಾಕುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ಹೋಸು, ನಮ್ಮಲ್ಲಿ ಎಲ್ಲರೂ "ಓಸ್" ಎನ್ನುವುದು, ಚೆನ್ನಾಗಿಯೇ ಇತ್ತು. ಅದರ ಪಕ್ಕದಲ್ಲಿ, ತುಂಬಿಸುವಾಗ ಟ್ಯಾಂಕಿನೊಳಗಿನ ಗಾಳಿ ಹೊರಬರಲೆಂದು ಇರುವ ಕಿರುಬೆರಳಿನಷ್ಟು ದಪ್ಪದ ಇನ್ನೊಂದು ಪೈಪು ಕೆಳಗಿನಿಂದ ನೋಡಿದರೆ ಹೊಸತರಂತೆ ಕಾಣುತ್ತಿತ್ತು. ಅವನು ಮುಖ ನೋಡುವ ಸಣ್ಣ ಕನ್ನಡಿಯೊಂದನ್ನು ತರಿಸಿ ಅದರ ಬೆನ್ನ ಹಿಂದೆ ಹಿಡಿದು ನನ್ನನ್ನೂ ಬಗ್ಗಿಸಿ ತೋರಿಸಿದ. ಬಾಗುವಲ್ಲಿ, ಬಾಡಿಯ ಕಡೆಗೆ ತಿರುಗಿದ ಮೈಯಲ್ಲಿ, ಬೇಸಿಗೆಯ ಗದ್ದೆಯಂತೆ ಬಿರುಕುಗಳು. ಅದರ ಕೆಳಗಿನ ತಗಡಿನ ಮೇಲೆ ಪೆಟ್ರೋಲು ಒಣಗಿ ಉಳಿದ ಕಂದು ಬಣ್ಣದ ಕಲೆ, ಧೂಳೂ ಅಂಟಿ ಒಂದು ನದಿಯ ನಕ್ಷೆಯ ಹಾಗಿತ್ತು. ಪೈಪನ್ನು ಕಳಚಿ ಬಗ್ಗಿಸಿದಾಗ ಅದು ಹಪ್ಪಳದಂತೆ ಲಟಕ್ಕನೆ ಮುರಿಯಿತು.

ಇಪ್ಪತ್ತೇಳು ವರ್ಷ ದಾಟಿದ ರಬ್ಬರು ಒಣಗುವುದು ಸಹಜ. ಅದರ ಜೊತೆಗೆ ಈಗ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಎಂಬ ಮದ್ಯಸಾರವೂ ಕಾರಣವಾಗಿ ಸೇರಿಕೊಂಡಿದೆ. 2022ರಲ್ಲಿ ಶೇಕಡ 10ರಷ್ಟಿದ್ದ ಮಿಶ್ರಣ 2025ಕ್ಕೆ ಶೇಕಡ 20ಕ್ಕೆ ಏರಿದೆ, ಮತ್ತು 1997ರಲ್ಲಿ ಈ ಪೈಪುಗಳನ್ನು ಮಾಡಿದವರ ಲೆಕ್ಕದಲ್ಲಿ ಅದು ಇರಲಿಲ್ಲ. ಗ್ಯಾರೇಜಿನಲ್ಲಿ ನೀರಿನ ಮಟ್ಟ ನೋಡುವಂಥ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿ ಮುಗಿಸೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ, ಅದು ಪೆಟ್ರೋಲಿಗೆ ಬೇಗನೆ ಗಟ್ಟಿಯಾಗಿ ಕ್ಲಿಪ್ಪಿನ ಬಳಿ ಸೀಳುತ್ತದೆ. ಮಂಗಳೂರಿಗೆ ಹೋದ ಸಂಬಂಧಿಕರ ಮೂಲಕ ಮೈಮೇಲೆ ಜೆ30 ಆರ್9 ಎಂದು ಅಚ್ಚೊತ್ತಿದ, ಎಥನಾಲಿಗೆ ತಾಳುವ ಹೋಸನ್ನು ಎರಡು ಅಡಿ ತರಿಸಿದೆ. ತಿರುಪು ಇರುವ ಕ್ಲಿಪ್ಪುಗಳೊಂದಿಗೆ ಅದನ್ನು ಕೂರಿಸಲು ಅವನಿಗೆ ಮುಕ್ಕಾಲು ಗಂಟೆ ಸಾಕಾಯಿತು.

ಒಂದು ಪ್ರಶ್ನೆ ಉಳಿದಿತ್ತು. ಗಾಡಿಯ ಹೊರಗೆ, ಕೆಳಗೆ ಸೋರಿದ್ದು ಒಳಗೆ ಬಂದದ್ದು ಹೇಗೆ? ಮುಂದಿನ ಕಿಟಕಿ ತೆರೆದು ಓಡಿಸಿದರೆ ಒಳಗಿನ ಒತ್ತಡ ತಗ್ಗಿ ಗಾಡಿ ಹಿಂದಿನಿಂದಲೂ ಕೆಳಗಿನಿಂದಲೂ ಗಾಳಿಯನ್ನು ಎಳೆದುಕೊಳ್ಳುತ್ತದೆ. ವಾಸನೆ ಹೋಗಲೆಂದು ಕಿಟಕಿ ತೆರೆದಷ್ಟೂ ಅದು ಹೆಚ್ಚುತ್ತಿದ್ದುದಕ್ಕೆ ಕಾರಣ ಇದು, ಮತ್ತು ಕ್ಯಾಲೆಂಡರಿನಲ್ಲಿ ನಾನು ಬರೆದಿದ್ದ ಈ ವಿಚಿತ್ರವನ್ನು ನಾನೇ ತಪ್ಪೆಂದು ಹೊಡೆದುಹಾಕಿದ್ದೆ. ದಾರಿ ಯಾವುದೆಂದು ಮ್ಯಾಟ್ ಎತ್ತಿ ನೋಡಿದಾಗ ತಿಳಿಯಿತು. ನೆಲದ ತಗಡಿನಲ್ಲಿ ರುಪಾಯಿ ನಾಣ್ಯದಷ್ಟು ಅಗಲದ ತೂತು, ಅದಕ್ಕಿದ್ದ ರಬ್ಬರು ಬಿರಡೆ ಇಲ್ಲ. ತೆಗೆದವನು ನಾನೇ. ಆಟಿ ತಿಂಗಳ ಮಳೆಯಲ್ಲಿ ಕೆಸರಾದ ಗೋಣಿ ಹೇರಿ ತಂದ ದಿನ ಒಳಗೆ ಕೊಡದಿಂದ ನೀರು ಹೊಯ್ದು ತೊಳೆದು, ನೀರಿಳಿಯಲೆಂದು ಅದನ್ನು ಕಿತ್ತು ಕೊಟ್ಟಿಗೆಯ ಮಾಡಿನ ಅಡ್ಡಪಟ್ಟಿಯ ಮೇಲೆ ಇಟ್ಟಿದ್ದೆ. ಅದು ಅಲ್ಲೇ ಇತ್ತು, ಜೇಡರ ಬಲೆಯೊಳಗೆ.

ಬಿರಡೆ ಹಾಕಿ, ಮುಂದಿನ ಶನಿವಾರ ವಿಟ್ಲದಲ್ಲಿ ಟ್ಯಾಂಕು ತುಂಬಿಸಿ (ಗನ್ನು ನಿಂತಲ್ಲಿಗೆ ನಿಲ್ಲಿಸಿ), ಏರುಗಳನ್ನೆಲ್ಲ ಹತ್ತಿಸಿ ಬಂದು ಅಂಗಳದಲ್ಲಿ ನಿಲ್ಲಿಸಿದೆ. ಗಾಡಿಗೆ ಹತ್ತದೆ ಮನೆಯಲ್ಲೇ ಉಳಿದಿದ್ದ ಹೆಂಡತಿಯನ್ನು ಕರೆದು ಬಾಗಿಲು ಸರಿಸಿದೆ. ಅವಳು ತಲೆಯನ್ನಷ್ಟೇ ಒಳಗೆ ಹಾಕಿ ಸ್ವಲ್ಪ ಹೊತ್ತು ನಿಂತಳು. "ಹಿಂಡಿ ಮುಗ್ಗಿದ ವಾಸನೆ ಬರ್ತದೆ, ಗೋಣಿ ಇಳಿಸಿ" ಎಂದಳು.